ಮುಳುಗದ ಸೂರ್ಯ, ಮಲಗದ ಫೋಟೋಗ್ರಾಫರು

ಉತ್ತರ ಧ್ರುವದ ಕಡೆಗಿರುವ ನಾರ್ವೆಯ ದ್ವೀಪಸಮೂಹ ಸ್ವಾಲ್ಬಾರ್ಡ್‌ನಲ್ಲಿ ಏಪ್ರಿಲ್ 20ರ ಸುಮಾರಿಗೆ ಮೇಲೇರಿದ ಸೂರ್ಯ ಆಗಸ್ಟ್ ಮೂರನೆಯ ವಾರ ದಾಟುವವರೆಗೆ ಮುಳುಗುವುದಿಲ್ಲ. ನಾವು ನಾಲ್ವರು ರಾತ್ರಿ ಒಂದು ಗಂಟೆಯ ಬಿಸಿಲಿನಲ್ಲಿ ಹಡಗಿನ ಊಟದ ಕೋಣೆಯಲ್ಲಿ ಕೂತು ಹರಟುತ್ತಿದ್ದುದಕ್ಕೆ ಅವನೇ ಹೊಣೆ.

"ಕಬಿನಿಯಲ್ಲಾದರೆ ಹೊಂಬಿಸಿಲಿಗೆಂದು ನಸುಕಿನಲ್ಲೇ ಏಳುತ್ತಿದ್ದೆವು. ಇಲ್ಲಿ ಯಾವಾಗ ಏಳಬೇಕು?" ಎಂದರು ವಕೀಲರು.

"ಮಲಗಿದವರಿಗಲ್ಲವೇ ಏಳುವ ಚಿಂತೆ! ಸೂರ್ಯ ತೀರಾ ಕೆಳಗಿಳಿಯುವುದು ನಡುರಾತ್ರಿಯಲ್ಲಿ. ಒಳ್ಳೆಯ ಬೆಳಕೂ ಆಗಲೇ," ಎಂದರು ಮೇಷ್ಟರು.

ಬ್ಯಾಂಕಿನವರು ಮಾತಾಡಲಿಲ್ಲ. ಸೈಟು ಕೊಳ್ಳುವ ದುಡ್ಡಿನಲ್ಲಿ 600 ಎಂಎಂ ಲೆನ್ಸ್ ಕೊಂಡು ತಂದಿದ್ದರು. ಮಧ್ಯಾಹ್ನ ಕಂಡ ಹಿಮಕರಡಿ ಅವರ ಪರದೆಯಲ್ಲಿ ಹಳದಿ ಚುಕ್ಕೆಯಾಗಿ ಕೂತಿತ್ತು.

"ಇನ್ನಷ್ಟು ಹತ್ತಿರ ಹೋಗಬಹುದಿತ್ತು," ಎಂದು ಕೊನೆಗೆ ಗೊಣಗಿದರು.

"ಹೋಗುವಂತಿಲ್ಲ ಸ್ವಾಮಿ. 2025ರಿಂದ 300 ಮೀಟರ್ ದೂರದಲ್ಲೇ ನಿಲ್ಲಬೇಕು. ಮಾರ್ಚ್‌ನಿಂದ ಜೂನ್ ಮುಗಿಯುವವರೆಗೆ 500," ಎಂದರು ವಕೀಲರು. ಕಾಯಿದೆಯ ಮಾತು ಬಂದರೆ ಅವರಿಗೆ ನಿದ್ದೆಯೇ ಬೇಡ.

"ಅದಿರಲಿ, ಚಿತ್ರವೇಕೆ ಹೀಗೆ ನಡುಗಿದೆ?" ಎಂದರು ಬ್ಯಾಂಕಿನವರು.

ತಣ್ಣನೆಯ ನೀರಿನ ಮೇಲೆ ಬಿಸಿ, ತಂಪು ಗಾಳಿ ಬೆರೆಯುವಾಗ ಬೆಳಕು ಬಾಗುತ್ತದೆ. ದೂರದ ಕರಡಿ ನೀರಿನಡಿಯ ನಾಣ್ಯದಂತೆ ಅಲುಗುತ್ತದೆ. ಮೇಷ್ಟರು ಇಷ್ಟನ್ನು ತಾಳ್ಮೆಯಿಂದ ವಿವರಿಸಿದರು. ಎಷ್ಟು ದುಡ್ಡು ಸುರಿದರೂ ಲೆನ್ಸ್ ಗಾಳಿಯನ್ನು ಸರಿಪಡಿಸದು ಎಂದು ನಾನು ಸೇರಿಸಿದೆ. ಬ್ಯಾಂಕಿನವರು ನನ್ನನ್ನು ನೋಡಿದ ನೋಟದಲ್ಲಿ ಚಕ್ರಬಡ್ಡಿ ಇತ್ತು.

"ವಾಲ್ರಸ್ ಚಿತ್ರ ಬಂತಲ್ಲ?" ಎಂದೆ, ಸಮಾಧಾನಕ್ಕೆ.

"ಬಂತು. ವಾಸನೆ ಬರಲಿಲ್ಲ, ಅದೇ ಪುಣ್ಯ."

ದಡದಲ್ಲಿ ಮಲಗಿದ ವಾಲ್ರಸ್ ಎಂಬ ಈ ದಂತದ ಕಡಲಪ್ರಾಣಿಗಳಿಂದ ದೋಣಿ 150 ಮೀಟರ್ ದೂರವಿರಬೇಕು. ವಾಸನೆಗೆ ಅಂಥ ಕಟ್ಟುಪಾಡಿಲ್ಲ. ದಂತಕ್ಕೂ ಕೊಬ್ಬಿಗೂ ಬೇಟೆಯಾಡಿ ಇಲ್ಲಿ ಇವುಗಳ ವಂಶವನ್ನೇ ಮುಗಿಸುವುದರಲ್ಲಿದ್ದರು. 1952ರಲ್ಲಿ ಬೇಟೆ ನಿಷೇಧವಾಯಿತು. ಹಾಗಾಗಿ ಆ ನಾತ ನನಗೆ ಶುಭಸೂಚನೆಯಾಗಿಯೇ ಕಂಡಿತು.

ನಿಜವಾದ ಚಿತ್ರ ಸಿಕ್ಕಿದ್ದು ವಕೀಲರಿಗೆ, ಅದೂ ಮೊಬೈಲಿನಲ್ಲಿ. ದಾರಿಯ ಪಕ್ಕದಲ್ಲೇ ಗೂಡು ಮಾಡಿದ್ದ ಆರ್ಕ್ಟಿಕ್ ರೀವ ಹಕ್ಕಿ ಮೇಷ್ಟರ ಬೋಳುತಲೆಯ ಮೇಲೆ ಎರಗಿತ್ತು. ಕೆಂಪು ಕೊಕ್ಕು ಬಿರಿದಿದೆ, ಬಾಲದ ಎರಡು ಕವಲುಗಳೂ ಚಾಚಿಕೊಂಡಿವೆ, ಕೆಳಗೆ ಮೇಷ್ಟರ ಬಾಯಿ ಅಷ್ಟೇ ಅಗಲವಾಗಿ ತೆರೆದಿದೆ.

"ಎತ್ತರದಲ್ಲಿರುವುದನ್ನು ಅದು ಕುಕ್ಕುತ್ತದೆ, ಕೋಲನ್ನು ತಲೆಯ ಮೇಲೆ ಹಿಡಿಯಿರಿ ಎಂದು ಗೈಡ್ ಹೇಳಿರಲಿಲ್ಲವೇ?"

"ಕೋಲು ಇವರ ಕೈಯಲ್ಲಿತ್ತು. ಲೆನ್ಸಿನ ಮೇಲೆ ಹಿಡಿದಿದ್ದರು!" ಎಂದರು ಮೇಷ್ಟರು, ಬ್ಯಾಂಕಿನವರ ಕಡೆ ಬೆರಳು ತೋರಿಸಿ. "ವರ್ಷವರ್ಷವೂ ಅಂಟಾರ್ಕ್ಟಿಕಾಕ್ಕೆ ಹೋಗಿಬರುವ ಹಕ್ಕಿ. ಅದರ ಕೊಕ್ಕಿನ ಪೆಟ್ಟಿಗೆ ನನ್ನ ಆಕ್ಷೇಪವಿಲ್ಲ."

ಅಷ್ಟರಲ್ಲಿ ಧ್ವನಿವರ್ಧಕ ಗೊರಗುಟ್ಟಿತು: ಕರಡಿ ಕಂಡಿದೆ, ಎರಡು ಕಿಲೋಮೀಟರ್ ದೂರದಲ್ಲಿ.

"ಹಾಗಾದರೆ ಕಾಫಿ ಕುಡಿದೇ ಹೋಗೋಣ," ಎಂದರು ವಕೀಲರು. ಬ್ಯಾಂಕಿನವರ ಕುರ್ಚಿ ಆಗಲೇ ಖಾಲಿಯಾಗಿತ್ತು.