ಮಕ್ಕಳ ಬಗ್ಗೆ ಓದೋಕೆ ಮಗಳನ್ನು ಬಿಟ್ಟು ಹೋಗಬೇಕಾ?

ಪ್ರಶ್ನೆ, ವಿಜಯಪುರದಿಂದ

ಎಲ್ಲರಿಗೂ ನಮಸ್ಕಾರ. ನನಗೆ 29. ಬಿ.ಎಡ್. ಆಗಿದೆ. ಆರು ವರ್ಷದಿಂದ ಇಲ್ಲೇ ಒಂದು ಶಾಲೆಯಲ್ಲಿ ಎಲ್‌ಕೆಜಿ ಮತ್ತು ಒಂದನೇ ತರಗತಿ ಮಕ್ಕಳಿಗೆ ಕಲಿಸುತ್ತಿದ್ದೇನೆ. ಇಂಗ್ಲೆಂಡಿನಲ್ಲಿ ಒಂದು ವರ್ಷದ ಎಂ.ಎ.ಗೆ ಸೀಟು ಸಿಕ್ಕಿದೆ. ವಿಷಯ ಮಕ್ಕಳು, ಶಿಕ್ಷಣ ಮತ್ತು ಕುಟುಂಬ. ಯಜಮಾನರು ಹೂಂ ಅಂದಿದ್ದಾರೆ. ಮಾವನವರು ಮಾತ್ರ "ಅಂಗನವಾಡಿ ಟೀಚರ್ ಆಗಾಕ ಲಂಡನ್ನಿಗೆ ಯಾಕ ಹೋಗಬೇಕು?" ಅಂತ ಕೇಳುತ್ತಾರೆ. ಏನು ಹೇಳಬೇಕೋ ನನಗೂ ಸರಿಯಾಗಿ ಗೊತ್ತಾಗುತ್ತಿಲ್ಲ. ಮಗಳಿಗೆ ನಾಲ್ಕು ವರ್ಷ. ಕರೆದುಕೊಂಡು ಹೋಗಬಹುದಾ? ಅಲ್ಲಿ ನಿಜವಾಗಿ ಏನು ಓದಿಸುತ್ತಾರೆ? ಎಷ್ಟು ಖರ್ಚು? ಹೋಗಿ ಬಂದವರು ಮುಚ್ಚುಮರೆ ಇಲ್ಲದೆ ಹೇಳಿ.

ಬಾಗಲಕೋಟೆಯಿಂದ

ತಂಗಿ, ಮೊದಲು ಮಗಳ ಮಾತು. ಕರೆದುಕೊಂಡು ಹೋಗೋಕೆ ಆಗಲ್ಲ. 2024ರ ಜನವರಿಯಿಂದ ಶುರುವಾದ ಕೋರ್ಸ್‌ಗಳಿಗೆ ಬ್ರಿಟನ್ ಆ ಬಾಗಿಲು ಹಾಕಿದೆ. ಪಿಎಚ್.ಡಿ.ಯಂಥ ಸಂಶೋಧನೆಗೆ ಹೋಗುವವರು, ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕವರು ಬಿಟ್ಟರೆ ಉಳಿದವರು ಗಂಡ, ಮಕ್ಕಳಿಗೆ ವೀಸಾ ಮಾಡಿಸುವಂತಿಲ್ಲ. "ಮೊದಲು ನೀವು ಹೋಗಿ ಮೇಡಂ, ಆಮೇಲೆ ಮಾಡಿಸೋಣ" ಅಂತ ಒಬ್ಬ ಏಜೆಂಟ್ ನನಗೆ ಹೇಳಿದ್ದ. ನಿಮಗೂ ಯಾರಾದರೂ ಹಾಗಂದರೆ ಚಹಾ ಕುಡಿದು ಎದ್ದು ಬನ್ನಿ.

ನಾನು 2024ರ ಸೆಪ್ಟೆಂಬರ್‌ನಲ್ಲಿ ಹೋದೆ. ಮಗನಿಗೆ ಐದು ವರ್ಷ. ನವನಗರದಲ್ಲಿ ನಮ್ಮವ್ವನ ಹತ್ತಿರ ಬಿಟ್ಟಿದ್ದೆ. ಚಳಿಗಾಲದಲ್ಲಿ ಅಲ್ಲಿಗೂ ಇಲ್ಲಿಗೂ ಐದೂವರೆ ತಾಸಿನ ಫರಕು. ನನ್ನ ಮಧ್ಯಾಹ್ನ ಮೂರಕ್ಕೆ ಅವನ ರಾತ್ರಿ ಎಂಟೂವರೆ. ಮೊದಲ ಹದಿನೈದು ದಿನ ಚೆನ್ನಾಗಿ ಮಾತಾಡಿದ. ಆಮೇಲೆ ಫೋನನ್ನು ಮಂಚದ ಮೇಲೆ ಅಂಗಾತ ಇಟ್ಟು ಓಡಿಹೋಗುತ್ತಿದ್ದ. ನನಗೆ ಕಾಣುತ್ತಿದ್ದದ್ದು ತಿರುಗುವ ಫ್ಯಾನ್ ಒಂದೇ. ಎಷ್ಟೋ ಸಂಜೆ ಆ ಫ್ಯಾನ್ ಜೊತೆ ಮಾತಾಡಿದ್ದೇನೆ.

ಅದೇ ಹೊತ್ತಿಗೆ ನಮಗೆ ಮಕ್ಕಳನ್ನು ಗಮನಿಸುವ ಪಾಠ ನಡೆದಿತ್ತು. ನರ್ಸರಿಯಲ್ಲಿ ಒಂದು ಮೂಲೆಯಲ್ಲಿ ಒಂದು ತಾಸು ಸುಮ್ನೆ ಕೂತು ಒಂದು ಮಗುವನ್ನು ನೋಡಿ ಬರೆಯಬೇಕು. ನಾನು "ಹಠಮಾರಿ ಹುಡುಗ, ಆಟಿಕೆ ಯಾರಿಗೂ ಕೊಡಲ್ಲ" ಅಂತ ಬರೆದೆ. ಆರು ವರ್ಷ ಕಲಿಸಿದ ಟೀಚರ್ ಅಲ್ವಾ, ಮಕ್ಕಳು ನನಗೆ ಗೊತ್ತು ಅನ್ನೋ ಧೈರ್ಯ. ಮೇಡಂ "ಹಠಮಾರಿ" ಅನ್ನೋ ಪದಕ್ಕೆ ಸುತ್ತು ಹಾಕಿ, "ಇದು ಎಲ್ಲಿ ಕಾಣಿಸಿತು?" ಅಂತ ಕೇಳಿದರು. ಮತ್ತೆ ಬರೆದೆ: ಕೆಂಪು ಬಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದಿದ್ದಾನೆ. ಇನ್ನೊಂದು ಮಗು ಬಂದಾಗ ಬೆನ್ನು ತಿರುಗಿಸಿದ. ಮೂರು ಸಲ ಬಾಗಿಲ ಕಡೆ ನೋಡಿದ. ಬರೆಯುವಾಗಲೇ ಹೊಳೆಯಿತು, ಅವನ ಅಮ್ಮ ಆಗಷ್ಟೇ ಬಿಟ್ಟು ಹೋಗಿದ್ದಳು.

ಅವತ್ತು ಸಂಜೆ ಅವ್ವನಿಗೆ ಹೇಳಿದೆ, ಅವನ ಕೈಲಿ ಮಾತಾಡಿಸಬೇಡ, ಫೋನನ್ನು ತಂಬಿಗೆಗೆ ಆನಿಸಿ ಇಟ್ಟುಬಿಡು ಅಂತ. ಅವನು ಆಡುತ್ತಿದ್ದ, ನಾನು ಬಟ್ಟೆ ಮಡಿಸುತ್ತ ನೋಡುತ್ತಿದ್ದೆ. ಹತ್ತು ನಿಮಿಷ ಆದ ಮೇಲೆ ತಾನೇ ಬಂದು ಏನಾದರೂ ತೋರಿಸುತ್ತಿದ್ದ.

ಓದಿನ ವಿಷಯ. ಮಗು ಹೇಗೆ ಬೆಳೆಯುತ್ತೆ, ಹೇಗೆ ಕಲಿಯುತ್ತೆ ಅಂತ ಬರೆದ ಪಿಯಾಜೆ, ವೈಗೋಟ್‌ಸ್ಕಿ ಇಬ್ಬರನ್ನೂ ಬಿ.ಎಡ್.ನಲ್ಲಿ ಉರು ಹೊಡೆದಿರ್ತೀರಿ. ಅಲ್ಲೂ ಅವರೇ. ಆದರೆ ಹಂತಗಳನ್ನು ಬರೆದರೆ ಮಾರ್ಕ್ಸ್ ಬರಲ್ಲ. ಪಿಯಾಜೆ ತನ್ನ ಮೂರು ಮಕ್ಕಳನ್ನೇ ನೋಡಿ ಬರೆದದ್ದು ವಿಜಯಪುರದ ಮಗುವಿಗೆ ಎಷ್ಟು ಹೊಂದುತ್ತೆ ಅಂತ ಕೇಳುತ್ತಾರೆ. ಬ್ರಾನ್‌ಫೆನ್‌ಬ್ರೆನರ್ ಅಂತ ಇನ್ನೊಬ್ಬರಿದ್ದಾರೆ. ಮಗುವಿನ ಸುತ್ತ ಮನೆ, ಶಾಲೆ, ಊರು, ಕಾನೂನು ಅಂತ ಒಂದರ ಹೊರಗೆ ಒಂದು ವರ್ತುಲ ಬರೆದವರು. ಮಗು ಕಾಲೇ ಇಡದ ಜಾಗವೂ ಅದರ ಬದುಕನ್ನು ತಿರುಗಿಸುತ್ತೆ ಅನ್ನುವುದು ಅವರ ಮಾತು. ಪುಸ್ತಕದಲ್ಲಿ ಅದಕ್ಕೆ ಅಪ್ಪನ ಆಫೀಸಿನ ಉದಾಹರಣೆ. ನಾನು ಸಕ್ಕರೆ ಕಾರ್ಖಾನೆ ಅಂತ ಬರೆದೆ. ಕಬ್ಬು ನುರಿಸುವುದು ಶುರುವಾದರೆ ತಾಂಡಾದ ಅಪ್ಪ-ಅವ್ವ ಗಂಟು ಕಟ್ಟುತ್ತಾರೆ. ಮಗು ಜೊತೆಗೆ ಹೋದರೆ ಶಾಲೆ ಹೋಯಿತು, ಉಳಿದರೆ ಅಜ್ಜಿಯೇ ಮನೆ. ಹಾಜರಿ ಪುಸ್ತಕ ಮಾಸ್ತರರ ಕೈಲಿದೆ ಅಂತ ನಾವು ಅಂದುಕೊಂಡಿದ್ದೇವೆ, ಅಷ್ಟೇ. ಇಡೀ ಕ್ಲಾಸು ಅವತ್ತು ನನ್ನ ಕಡೆ ತಿರುಗಿತು. ನಿಮ್ಮ ಹತ್ತಿರ ಇಂಥವು ಹತ್ತಾದರೂ ಇರುತ್ತವೆ. ಬರೆದುಕೊಂಡು ಹೋಗಿ.

ಮೊದಲ ಪ್ರಬಂಧಕ್ಕೆ 58 ಬಂತು. ಬಾತ್‌ರೂಮಿಗೆ ಹೋಗಿ ಅತ್ತೆ. ಅಲ್ಲಿ 50ಕ್ಕೆ ಪಾಸು, 60 ಅಂದರೆ ಒಳ್ಳೆಯದು, 70 ದಾಟಿದರೆ ಡಿಸ್ಟಿಂಕ್ಷನ್ ಅಂತ ಪಕ್ಕದ ಹುಡುಗಿ ಹೇಳಿದಳು. ಅವಳು 62ಕ್ಕೆ ಕೇಕ್ ತಂದಿದ್ದಳು.

ಕೊನೆಯ ಪ್ರಬಂಧಕ್ಕೆ ವಿಶ್ವವಿದ್ಯಾಲಯದ ಎಥಿಕ್ಸ್ ಕಮಿಟಿಯ, ಅಂದರೆ ಸಂಶೋಧನೆಯಿಂದ ಯಾರಿಗೂ ತೊಂದರೆ ಆಗಬಾರದು ಅಂತ ನೋಡುವ ಸಮಿತಿಯ ಒಪ್ಪಿಗೆ ಬೇಕು. ಮಕ್ಕಳನ್ನು ಮಾತಾಡಿಸಬೇಕಾದರೆ ಮನೆಯವರ ಒಪ್ಪಿಗೆ, ಜೊತೆಗೆ ಮಗುವಿನ ಒಪ್ಪಿಗೆ. ಒಪ್ಪಿಗೆ ಪತ್ರವನ್ನು ಕನ್ನಡ ಮಾಡಿಕೊಂಡು ಜೂನ್‌ನಲ್ಲಿ ಒಂದು ತಾಂಡಾಕ್ಕೆ ಹೋದೆ. ಎರಡು ಪುಟ ಓದಿ ಹೇಳಿದೆ. ಅಜ್ಜಿ ಪೂರ್ತಿ ಕೇಳಿ, "ಹೆಬ್ಬೆಟ್ಟು ಒತ್ತಿದರ ರೇಷನ್ ಕಾರ್ಡ್ ಹೋಗೂದಿಲ್ಲಲ್ಲ?" ಅಂದಳು. ಸಮಿತಿಯವರು ಕೇಳಿದ ಹದಿನೇಳು ಪ್ರಶ್ನೆಯಲ್ಲಿ ಅದೊಂದು ಇರಲಿಲ್ಲ.

ದುಡ್ಡು: ನನ್ನ ಫೀ 18,500 ಪೌಂಡ್. ಕೆಲವು ಕಡೆ 25 ಸಾವಿರ ದಾಟುತ್ತೆ. ಆರೋಗ್ಯದ ಶುಲ್ಕ ವಿದ್ಯಾರ್ಥಿಗಳಿಗೆ ವರ್ಷಕ್ಕೆ 776 ಪೌಂಡ್. ವೀಸಾ ಒಂದು ವರ್ಷಕ್ಕಿಂತ ಜಾಸ್ತಿ ಇರುತ್ತಲ್ಲ, ಹಾಗಾಗಿ ಒಂದೂವರೆ ವರ್ಷದ್ದು ಕಟ್ಟಿಸಿಕೊಂಡರು. ಪಾರ್ಟ್‌ಟೈಮ್ ಕೆಲಸ ಓದಿನ ಅವಧಿಯಲ್ಲಿ ವಾರಕ್ಕೆ 20 ತಾಸು ಮಾತ್ರ. ಬೇಸಿಗೆಯಲ್ಲಿ ಪೂರ್ತಿ ದುಡಿದು ಸಾಲ ತೀರಿಸ್ತೀನಿ ಅಂತ ಲೆಕ್ಕ ಹಾಕಬೇಡಿ. ಎಂ.ಎ.ಯವರಿಗೆ ಪ್ರಬಂಧ ಬರೆಯುವ ಬೇಸಿಗೆಯೂ ಓದಿನ ಅವಧಿಯೇ.

ಬೆಳಗಾವಿಯವನು, ಈಗ ಮೆಲ್ಬರ್ನ್‌ನಲ್ಲಿ

ಅಕ್ಕಾವ್ರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ನಿಮ್ಮ ಎಂ.ಎ. ಓದಿನ ಡಿಗ್ರಿ, ಅಲ್ಲಿ ಟೀಚರ್ ಆಗುವ ಲೈಸೆನ್ಸ್ ಅಲ್ಲ. ಇಂಗ್ಲೆಂಡಿನಲ್ಲಿ ಶಿಕ್ಷಕರ ಅರ್ಹತೆ ಕೊಡುವ ಕೋರ್ಸ್ ಬೇರೆಯೇ ಇದೆ. ಎಷ್ಟೋ ಜನ ಇದನ್ನು ವಿಮಾನ ಇಳಿದ ಮೇಲೆ ತಿಳಿದುಕೊಳ್ಳುತ್ತಾರೆ.

ನಾನು ಮಾಡಿದ್ದು ಪುಟ್ಟ ಮಕ್ಕಳ ಶಿಕ್ಷಕರ ಎರಡು ವರ್ಷದ ಕೋರ್ಸ್. ಇಲ್ಲಿ ಹೆಂಡತಿ-ಮಕ್ಕಳನ್ನು ವೀಸಾ ಅರ್ಜಿಯಲ್ಲಿ ಸೇರಿಸಬಹುದು. ಆದರೆ ಅವರ ಖರ್ಚನ್ನೂ ಮಗುವಿನ ಶಾಲೆಯ ಖರ್ಚನ್ನೂ ತೋರಿಸಬೇಕು. ವಿದ್ಯಾರ್ಥಿ ವೀಸಾದ ಫೀ 2025ರ ಜುಲೈನಿಂದ 2,000 ಆಸ್ಟ್ರೇಲಿಯನ್ ಡಾಲರ್, ಅರ್ಜಿ ತಿರಸ್ಕಾರವಾದರೂ ವಾಪಸ್ ಬರಲ್ಲ.

ಮಕ್ಕಳ ಹತ್ತಿರ ಹೋಗುವ ಮೊದಲು ನಮ್ಮ ಪೂರ್ವಾಪರ ತಪಾಸಣೆ ಮಾಡುತ್ತಾರೆ. ಇಂಗ್ಲೆಂಡಿನಲ್ಲೂ ಇದೆ, ಅದಕ್ಕೆ ಡಿಬಿಎಸ್ ಅಂತಾರೆ. ನಮ್ಮ ದೇಶದ ಪೊಲೀಸ್ ಪ್ರಮಾಣಪತ್ರವನ್ನೂ ಕೇಳಬಹುದು. ಪಾಸ್‌ಪೋರ್ಟ್ ಸೇವಾ ಮೂಲಕ ಊರಲ್ಲಿರುವಾಗಲೇ ತೆಗೆಸಿಬಿಡಿ.

ನನ್ನ ಮೊದಲ ದಿನದ ಕೆಲಸ ಡೈಪರ್ ಬದಲಿಸುವುದು. ಗೋಡೆ ಮೇಲೆ ಚಿತ್ರ ಸಮೇತ ಕ್ರಮ ಅಂಟಿಸಿದ್ದರು. ಕೈ ತೊಳಿ, ಗ್ಲೌಸ್ ಹಾಕು, ಮಗುವಿಗೆ ಏನು ಮಾಡ್ತಿದ್ದೀನಿ ಅಂತ ಹೇಳುತ್ತ ಮಾಡು. ಎಂಟು ತಿಂಗಳ ಮಗುವಿಗೆ "ಈಗ ನಿನ್ನ ಕಾಲು ಎತ್ತುತ್ತೇನೆ" ಅಂತ ಹೇಳಿ ಕಾಯಬೇಕು. ಆಯಿಗೆ ಫೋನ್‌ನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ನಿನ್ನ ಅಪ್ಪ ನಿನಗೊಂದು ಸಲಾನೂ ತೊಳೆದಿಲ್ಲ ನೋಡು" ಅಂದಳು.

ಚಿಕ್ಕೋಡಿ ಕಡೆಯಿಂದ, ನಿವೃತ್ತ ಅಂಗನವಾಡಿ ಮೇಲ್ವಿಚಾರಕಿ

ಲಂಡನ್ ಬಗ್ಗೆ ನನಗೆ ಹೇಳಲಿಕ್ಕೆ ಏನೂ ಇಲ್ಲ. ಮಾವನವರಿಗೆ ಮಾತ್ರ ಇದನ್ನು ತಿಳಿಸಿ. 1975ರ ಅಕ್ಟೋಬರ್ 2ರಂದು ಅಂಗನವಾಡಿ ಯೋಜನೆ ಶುರುವಾಯಿತು. ಅವತ್ತಿನಿಂದ ನಮ್ಮ ಹೆಣ್ಣುಮಕ್ಕಳು ತೂಕ ಹಾಕುವುದು, ಅಡುಗೆ, ಮೊಟ್ಟೆ ಲೆಕ್ಕ, ಮನೆ ಭೇಟಿ, ಈಗ ಮೊಬೈಲ್‌ನಲ್ಲಿ ಪೋಷಣ್ ಟ್ರ್ಯಾಕರ್, ಇಷ್ಟೂ ಮಾಡಿ ಉಳಿದ ಹೊತ್ತಲ್ಲಿ ಪಾಠ ಹೇಳುತ್ತಾರೆ. 2020ರ ಶಿಕ್ಷಣ ನೀತಿ 3ರಿಂದ 8 ವರ್ಷವನ್ನು ಒಂದೇ ಹಂತ ಮಾಡಿದೆ. ಅದನ್ನು ನಡೆಸಲು ಓದಿದವರು ಬೇಕಲ್ಲ? ಹೋಗುವ ಮೊದಲು ನಿಮ್ಮ ಓಣಿಯ ಅಂಗನವಾಡಿಯಲ್ಲಿ ಒಂದು ವಾರ ಕೂತು ಹೋಗವ್ವ.

ವಿಜಯಪುರದಿಂದ, ತಂಗಿಯನ್ನು ಕಳಿಸಿದ ಅಣ್ಣ

ಕಾಗದಪತ್ರದ ಕಥೆ ನನ್ನದು. ಬ್ರಿಟನ್ ವೀಸಾಕ್ಕೆ ಬ್ಯಾಂಕ್ ಖಾತೆಯಲ್ಲಿ ಇನ್ನೂ ಕಟ್ಟಬೇಕಾದ ಫೀ ಮತ್ತು ಒಂಬತ್ತು ತಿಂಗಳವರೆಗಿನ ಜೀವನ ಖರ್ಚು ಸತತ 28 ದಿನ ಇರಬೇಕು. ಒಂದು ದಿನ ಕೆಳಗಿಳಿದರೂ ಲೆಕ್ಕ ಮತ್ತೆ ಒಂದರಿಂದ. ನಮ್ಮ ಕಾಕಾ ಕೊಟ್ಟ ದುಡ್ಡನ್ನು 26ನೇ ದಿನ ಗೊಬ್ಬರಕ್ಕೆ ಅಂತ ವಾಪಸ್ ಕೇಳಿದರು. ಕಾಕಾನ, ಮಾವನ ಖಾತೆ ತೋರಿಸಿದರೆ ನಡೆಯಲ್ಲ. ನಿಮ್ಮದು, ಇಲ್ಲವೇ ತಂದೆ-ತಾಯಿಯದು. ತಂದೆಯದಾದರೆ ಜನನ ಪ್ರಮಾಣಪತ್ರ ಬೇಕು. ತಂಗಿಯದರಲ್ಲಿ ಹೆಸರೇ ಇರಲಿಲ್ಲ, "ಹೆಣ್ಣು" ಅಂತಷ್ಟೇ. ಸರಿ ಮಾಡಿಸಲು ಒಂದೂವರೆ ತಿಂಗಳು ಹಿಡಿಯಿತು. ಕ್ಷಯ ಪರೀಕ್ಷೆ ಬ್ರಿಟನ್‌ನವರು ಗುರುತಿಸಿದ ಕೇಂದ್ರದಲ್ಲೇ ಆಗಬೇಕು. ಅದಕ್ಕೊಂದು, ವೀಸಾಕ್ಕೊಂದು, ಎರಡು ಸಲ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ ಬಂದೆವು.

ಬ್ರಿಟನ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನ ನೋಡಿದ್ದೀರಾ? 2,800 ತಾಸು ಕೆಲಸದ ಅನುಭವ ಕೇಳುತ್ತಾರೆ. ನಿಮ್ಮ ಆರು ವರ್ಷಕ್ಕೆ ಅದು ಯಾವ ಲೆಕ್ಕ. ಮುಗಿದ ಮೇಲೆ ಎರಡು ವರ್ಷ ಭಾರತದಲ್ಲಿ ಇರಬೇಕು. ಮನೆ-ಮಂದಿ ಇಲ್ಲಿರುವಾಗ ಅದು ಷರತ್ತು ಅನ್ನಿಸೋದೂ ಇಲ್ಲ. ಒಂದು ವರ್ಷದ ಎಂ.ಎ. ಇಲ್ಲಿ ನಡೆಯುತ್ತಾ ಅಂತ ಹೆದರಬೇಡಿ. 2022ರ ಜುಲೈನಲ್ಲಿ ಎರಡು ದೇಶಗಳು ಪರಸ್ಪರ ಡಿಗ್ರಿ ಒಪ್ಪಿಕೊಳ್ಳುವ ಒಪ್ಪಂದ ಮಾಡಿಕೊಂಡಿವೆ. ಓದಿದ ಮೇಲೆ ಅಲ್ಲೇ ಉಳಿದು ಕೆಲಸ ಹುಡುಕುವ ವೀಸಾ ಎರಡು ವರ್ಷ ಇತ್ತು, 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ 18 ತಿಂಗಳು.

ಇನ್ನೊಂದು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ಯಿರಿ. ಬೆಳಗಾವಿ ಕುಂದಾ ಬೇಡ. ಹಾಲಿನ ಪದಾರ್ಥ ಒಳಗೆ ಬಿಡಲ್ಲ, ಎರಡು ಕಿಲೋ ಅಲ್ಲೇ ಹೋಯಿತು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಉಪಕಾರವಾಯಿತು. ಚೀವ್ನಿಂಗ್‌ಗೆ ಹಾಕಿ ನೋಡುತ್ತೇನೆ, ಸೀಟು ಒಂದು ವರ್ಷ ಮುಂದಕ್ಕೆ ಹಾಕಲು ಆಗುತ್ತಾ ಅಂತ ಕೇಳಿದ್ದೇನೆ. ಬಾಗಲಕೋಟೆ ಅಕ್ಕಾ, ಒಂದೇ ಪ್ರಶ್ನೆ. ಮಗನಿಗೆ ಹೇಗೆ ಹೇಳಿದಿರಿ?

ಬಾಗಲಕೋಟೆಯಿಂದ

ಹಿಂದಿನ ರಾತ್ರಿ ಹೇಳಿದೆ. ಅದು ತಪ್ಪು, ನೀವು ತಿಂಗಳು ಮೊದಲೇ ಹೇಳಿ. ವಾರದ ಲೆಕ್ಕ ತಿಳಿಯಲಿ ಅಂತ ಒಂದು ಡಬ್ಬಿಯಲ್ಲಿ ನಲವತ್ತು ಹುಣಸೆ ಬೀಜ ಹಾಕಿ ಕೊಟ್ಟಿದ್ದೆ. ಪ್ರತಿ ಭಾನುವಾರ ಒಂದು ತೆಗಿ, ಮುಗಿದಾಗ ಅವ್ವ ಬರ್ತಾಳೆ ಅಂದೆ. ಅವನು ಬೇಗ ಬರಲಿ ಅಂತ ಎರಡೆರಡು ತೆಗೆದ. ಫೆಬ್ರವರಿಯಲ್ಲೇ ಡಬ್ಬಿ ಖಾಲಿ. ನಮ್ಮವ್ವ ಇದನ್ನು ನನಗೆ ಹೇಳಿರಲಿಲ್ಲ. ಜೂನ್‌ನಲ್ಲಿ ಬಂದಾಗ ಅವನೇ ಖಾಲಿ ಡಬ್ಬಿ ತಂದು ತೋರಿಸಿದ. ಡಬ್ಬಿ ಅಜ್ಜಿ ಕೈಯಲ್ಲಿರಲಿ ತಂಗಿ, ಮೇಲಿನ ಮಾಡದಲ್ಲಿ ಇಡೋಕೆ ಹೇಳಿ.