ಸಹಾಯ ಬೇಕು: ತುಕ್ಕು ಹಿಡಿದ ರೇಡಿಯೇಟರ್‌ಗೆ ಯಾವ ಕೂಲೆಂಟ್?

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ ಅಂತ ಹಾಸನದಲ್ಲಿ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು ತಗೊಂಡಿದ್ದೇವೆ, 2012ರ ಮಾಡೆಲ್. ಹಿಂದಿನ ಓನರ್ ಬರೀ ಬೋರ್‌ವೆಲ್ ನೀರು ತುಂಬಿಸುತ್ತಿದ್ದರಂತೆ. ರಿಸರ್ವ್ ಟ್ಯಾಂಕ್‌ನಲ್ಲಿ ಟೀ ಬಣ್ಣದ ನೀರಿದೆ. ರೇಡಿಯೇಟರ್ ಮುಚ್ಚಳದ ಒಳಗೆ ಬೆರಳಾಡಿಸಿದರೆ ತುಕ್ಕಿನ ಪುಡಿ ಮೆತ್ತಿಕೊಳ್ಳುತ್ತೆ. ಶಿರಾಡಿ ಘಾಟ್ ಹತ್ತುವಾಗ ಟೆಂಪರೇಚರ್ ಮುಳ್ಳು ಅರ್ಧ ದಾಟುತ್ತೆ. ಹೀಗೇ ಓಡಿಸಿದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್, ಹೆಡ್ ನಡುವಿನ ಸೀಲ್) ಹೋಗುತ್ತೇನೋ ಅಂತ ಭಯ, ಅಪ್ಪ ಮಂಗಳೂರಿಗೆ ಒಬ್ಬರೇ ಹೋಗಿ ಬರೋರು.

ಗ್ಯಾರೇಜಿನವರು "ಹಸಿರು ಹಾಕಿಸಿ ಸರ್, ಎಲ್ಲಾ ಒಂದೇ" ಅಂತಾರೆ. ಒಂದೇ ಅಲ್ಲ, ಬಣ್ಣ ನೋಡಿ ಆರಿಸಲೂಬಾರದು ಅನ್ನೋದು ಗೊತ್ತು. ಯಾವುದು ಹಾಕಬೇಕು ಅಂತ ನೋಡೋಕೆ ಕಾರಿನ ಮ್ಯಾನ್ಯುಯಲ್ ಮಾತ್ರ ಸಿಕ್ಕಿಲ್ಲ.

ಮುಖ್ಯ ಗೊಂದಲ ಇದು: ಡಿಸ್ಟಿಲ್ಡ್ ವಾಟರ್‌ನಲ್ಲಿ ಫ್ಲಶ್ ಮಾಡಿ ಡ್ರೇನ್ ಮಾಡಿದರೂ ಎಂಜಿನ್ ಬ್ಲಾಕ್, ಹೀಟರ್ ಕೋರ್‌ನಲ್ಲಿ ಸ್ವಲ್ಪ ನೀರು ಉಳಿಯುತ್ತೆ. ಅದರ ಮೇಲೆ ಪ್ರೀಮಿಕ್ಸ್ (ಮೊದಲೇ ನೀರು ಬೆರೆಸಿರುವ ಕೂಲೆಂಟ್) ಹಾಕಿದರೆ ತೆಳುವಾಗುತ್ತಲ್ಲ? ಅದಕ್ಕೆ ಕಾನ್ಸಂಟ್ರೇಟ್ (ನೀರು ಬೆರೆಸದ ಕೂಲೆಂಟ್) ತಂದು, ಒಟ್ಟು ಕೆಪಾಸಿಟಿಯ ಅರ್ಧದಷ್ಟು ಮೊದಲು ಸುರಿದು, ಮಿಕ್ಕಿದ್ದಕ್ಕೆ ಡಿಸ್ಟಿಲ್ಡ್ ವಾಟರ್ ತುಂಬಿ 50:50 ಮಾಡೋದು ಸರಿಯಾ? ಇಷ್ಟು ತುಕ್ಕಿರುವಾಗ ಕೆಮಿಕಲ್ ಫ್ಲಶ್ ಬಳಸಿದರೆ ಹಳೇ ರೇಡಿಯೇಟರ್ ಸೋರೋಕೆ ಶುರುವಾಗುತ್ತಾ? ಕೈಯಾರೆ ಮಾಡಿ ಅನುಭವ ಇರುವವರು ದಯವಿಟ್ಟು ತಿಳಿಸಿ. ಹಾಸನ, ಸಕಲೇಶಪುರದ ಕಡೆ ನಂಬಿಕೆಯ ರೇಡಿಯೇಟರ್ ಕೆಲಸದವರಿದ್ದರೂ ಹೇಳಿ.