ಯುರೋಪಾ ಯೂನಿವರ್ಸಾಲಿಸ್ 4: ವಿಜಯನಗರದ ಅಡ್ಮಿರಲ್ ಎಷ್ಟು ಯುದ್ಧ ಮಾಡಿದರೂ ಪಳಗುತ್ತಿಲ್ಲ, ಏನು ಮಾಡಲಿ?

ಲಂಗರು

ಎಲ್ಲರಿಗೂ ನಮಸ್ಕಾರ. ಯುರೋಪಾ ಯೂನಿವರ್ಸಾಲಿಸ್ 4, ಅಂದರೆ ಇತಿಹಾಸದ ರಾಜ್ಯವೊಂದನ್ನು ಆಳುವ ಕಂಪ್ಯೂಟರ್ ಆಟದಲ್ಲಿ ವಿಜಯನಗರ ತೆಗೆದುಕೊಂಡು ಆಡುತ್ತಿದ್ದೇನೆ. ಆಟದಲ್ಲಿ ಈಗ 1532. ನೆಲದ ಮೇಲೆ ಯಾರ ಭಯವೂ ಇಲ್ಲ, ಬಹಮನಿಗಳ ಕಥೆ ಯಾವತ್ತೋ ಮುಗಿದಿದೆ. ತಲೆನೋವೆಲ್ಲ ಸಮುದ್ರದ್ದು. ಪೋರ್ಚುಗಲ್ ಬಂದು ಗೋವಾ ಹಿಡಿದು ಕೂತಿದೆ. ಲೆಕ್ಕಕ್ಕೆ ಹಡಗು ನನ್ನ ಹತ್ತಿರವೇ ಜಾಸ್ತಿ. ಆದರೂ ಪ್ರತಿ ಸಲ ಬಾಲ ಮುದುರಿಕೊಂಡು ಬಂದರಿಗೆ ಓಡುವವನು ನಾನೇ.

ನನ್ನ ಅಡ್ಮಿರಲ್‌ನ (ನೌಕಾಪಡೆಯ ನಾಯಕನ) ಅಂಕ: ಫೈರ್ (ದೂರದಿಂದ ಗುಂಡಿನ ದಾಳಿ) 1, ಶಾಕ್ (ಹತ್ತಿರದ ಹೊಡೆದಾಟ) 0, ಮನೂವರ್ (ಹಡಗು ನಡೆಸುವ ಜಾಣ್ಮೆ) 1. ಅವರವನಿಗೆ ಫೈರ್ 4. ನಮ್ಮವನೂ ಕಲಿಯಲಿ ಅಂತ ಸಣ್ಣಪುಟ್ಟ ಜಗಳಕ್ಕೆಲ್ಲ ಅವನನ್ನೇ ಕಳಿಸುತ್ತಿದ್ದೇನೆ. ಒಂದು ಅಂಕವೂ ಏರಿಲ್ಲ. ಇವನನ್ನು ಬೆಳೆಸುವುದು ಹೇಗೆ? ನೇವಲ್ ಟ್ರೆಡಿಷನ್ (ನೌಕಾಪಡೆಯ ಅನುಭವದ ಅಂಕ) 9 ಅಂತ ತೋರಿಸುತ್ತಿದೆ. ಅದಕ್ಕೂ ಇದಕ್ಕೂ ಏನಾದರೂ ಸಂಬಂಧ ಇದೆಯಾ?

ತಿರುಗಾಳಿ

ಇದೆ, ಮೂಲ ಸಮಸ್ಯೆಯೇ ಆ 9. ಯುದ್ಧಕ್ಕೆ ಕಳಿಸಿ ಕಳಿಸಿ ಅಡ್ಮಿರಲ್‌ನ ಫೈರ್, ಶಾಕ್ ಏರಿಸಲು ಈ ಆಟದಲ್ಲಿ ಆಗುವುದಿಲ್ಲ. ನೇಮಕ ಮಾಡಿದ ದಿನ ಎಷ್ಟು ಬಂತೋ ಅಷ್ಟೇ. ಅನುಭವ ಜಮೆ ಆಗುವುದು ನಿಮ್ಮ ನೌಕಾಪಡೆಯ ಖಾತೆಗೆ, ಅಂದರೆ ಟ್ರೆಡಿಷನ್‌ಗೆ. ಅದು ಎತ್ತರದಲ್ಲಿದ್ದಾಗ ನೇಮಕ ಮಾಡಿದರೆ ಒಳ್ಳೆಯವನು ಸಿಗುವ ಸಾಧ್ಯತೆ ಜಾಸ್ತಿ. 9ರಲ್ಲಿ ಮಾಡಿದರೆ ನಿಮಗೆ ಸಿಕ್ಕಂಥವನೇ ಸಿಗುತ್ತಾನೆ.

ಫೈರ್ 4 ಎದುರು ಫೈರ್ 1 ಅಂದರೆ ಎಷ್ಟು ದೊಡ್ಡ ಅಂತರ ನೋಡಿ. ಯುದ್ಧದಲ್ಲಿ ಮೂರು ದಿನ ಫೈರ್, ಮೂರು ದಿನ ಶಾಕ್, ಹೀಗೆ ಸರದಿ ಮೇಲೆ ನಡೆಯುತ್ತದೆ. ಪ್ರತಿ ಸರದಿಗೆ 0ಯಿಂದ 9ರ ಒಳಗೆ ಒಂದು ಡೈಸ್ ಬೀಳುತ್ತದೆ. ಫೈರ್ ಸರದಿ ಬಂದಾಗಲೆಲ್ಲ ಪೋರ್ಚುಗಲ್‌ನ ಡೈಸಿಗೆ 3 ಸೇರಿಕೊಳ್ಳುತ್ತದೆ. ಅವರಿಗೆ 4 ಬಿದ್ದರೂ ಅದು 7. ಮೊದಲ ಏಟೂ ಫೈರಿನದ್ದೇ. ಶಾಕ್ ಬರುವ ಹೊತ್ತಿಗೆ ನಿಮ್ಮವರ ಮೊರಾಲ್ (ಹೋರಾಡುವ ಧೈರ್ಯ) ಅರ್ಧ ಕರಗಿರುತ್ತದೆ.

ಟ್ರೆಡಿಷನ್ ಏರಿಸಲು ಸುಲಭದ ದಾರಿ ಲೈಟ್ ಶಿಪ್ (ಹಗುರ ಹಡಗು). ಅವನ್ನು ಟ್ರೇಡ್ ಕಾಯುವ ಕೆಲಸಕ್ಕೆ ಬಿಟ್ಟುಬಿಡಿ. ಶಾಂತಿಕಾಲದಲ್ಲೂ ವರ್ಷ ವರ್ಷ ಸ್ವಲ್ಪ ಬರುತ್ತಿರುತ್ತದೆ, ಜೊತೆಗೆ ದುಡ್ಡೂ ಬರುತ್ತದೆ. ಬಂದರಿನಲ್ಲಿ ಸುಮ್ನೆ ನಿಂತ ಹಡಗಿನಿಂದ ಏನೂ ಇಲ್ಲ.

ಇಲ್ಲಿ ಒಂದು ಲೆಕ್ಕ ಗೊತ್ತಿರಬೇಕು. ಟ್ರೆಡಿಷನ್ ವರ್ಷಕ್ಕೆ 5% ಸವೆಯುತ್ತದೆ. 20 ಇದ್ದರೆ 1 ಹೋಗುತ್ತದೆ, 60 ಇದ್ದರೆ 3. ಹಾಗಾಗಿ ಬರುವುದು ವರ್ಷಕ್ಕೆ 1 ಮಾತ್ರ ಆದರೆ ಎಷ್ಟು ಕಾಲ ಕಾದರೂ 20 ದಾಟುವುದಿಲ್ಲ. 2 ಬಂದರೆ 40ರ ಹತ್ತಿರ ನಿಲ್ಲುತ್ತದೆ. ಟ್ರೆಡಿಷನ್ ಮೇಲೆ ಮೌಸ್ ಇಟ್ಟರೆ ಎಲ್ಲಿಂದ ಎಷ್ಟು ಬರುತ್ತಿದೆ ಅಂತ ಟೂಲ್‌ಟಿಪ್‌ನಲ್ಲಿ ಕಾಣುತ್ತದೆ. ಅದನ್ನು ನೋಡಿ ಇಲ್ಲಿ ಹಾಕಿ.

ಹಳೇಹಾಯಿ

ಅಡ್ಮಿರಲ್ ವಿಷಯ ಆಮೇಲೆ. ಹಡಗು ಜಾಸ್ತಿ ಅಂದಿರಲ್ಲ, ಯಾವ ಹಡಗು? ಮೇಂಟೆನೆನ್ಸ್ ಸ್ಲೈಡರ್ (ನೌಕಾಪಡೆಗೆ ಎಷ್ಟು ಖರ್ಚು ಅಂತ ಏರಿಸಿ ಇಳಿಸುವ ಪಟ್ಟಿ) ಎಲ್ಲಿದೆ?

ಲಂಗರು

ಗ್ಯಾಲಿ (ಹುಟ್ಟು ಹಾಕಿ ನಡೆಸುವ ಹಡಗು) 30, ಹೆವಿ (ದೊಡ್ಡ ಯುದ್ಧದ ಹಡಗು) 4, ಲೈಟ್ 6. ಗ್ಯಾಲಿ ಅಗ್ಗ ಅಂತ ಅದನ್ನೇ ಕಟ್ಟಿಸಿದೆ. ಸ್ಲೈಡರ್ ಶಾಂತಿಕಾಲದಲ್ಲಿ ಕೆಳಗೇ ಇರುತ್ತದೆ, ಯುದ್ಧ ಶುರುವಾದ ತಕ್ಷಣ ಪೂರ್ತಿ ಮೇಲಕ್ಕೆ. ಟೂಲ್‌ಟಿಪ್ ನೋಡಿದೆ. ಲೈಟ್ ಶಿಪ್‌ನಿಂದ ಸೊನ್ನೆ, ಯಾಕೆಂದರೆ ಆರನ್ನೂ ಯುದ್ಧದ ಗುಂಪಿನಲ್ಲೇ ಇಟ್ಟುಕೊಂಡಿದ್ದೇನೆ.

ಹಳೇಹಾಯಿ

ನೆಲ್ಸನ್‌ನನ್ನೇ ಕರೆತಂದು ಕೂರಿಸಿದರೂ ಈ ಪಡೆ ಗೆಲ್ಲಲ್ಲ ಬಿಡಿ. ಗ್ಯಾಲಿಗೆ ದುಪ್ಪಟ್ಟು ಬಲ ಬರುವುದು ಒಳಸಮುದ್ರದಲ್ಲಿ ಮಾತ್ರ, ಮೆಡಿಟರೇನಿಯನ್, ಬಾಲ್ಟಿಕ್ ಥರದ ಕಡೆ. ಮಲಬಾರ್ ತೀರ ಆ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ನಿಮ್ಮ 30 ಗ್ಯಾಲಿ ಅಂದರೆ ಹೆವಿ ಶಿಪ್‌ಗಳಿಗೆ ಮೃಷ್ಟಾನ್ನ. 1509ರಲ್ಲಿ ದಿಯು ಹತ್ತಿರ ನಿಜವಾಗಿ ನಡೆದದ್ದೂ ಇದೇ ಧಾಟಿಯದ್ದು ಅಲ್ವಾ? ಈಜಿಪ್ಟಿನ ಮಾಮ್ಲೂಕರು, ಗುಜರಾತ್, ಕಲ್ಲಿಕೋಟೆ ಎಲ್ಲ ಒಂದಾಗಿ ಬಂದರು. ಪೋರ್ಚುಗೀಸರ ಅಲ್ಮೇಡನ ಹಡಗುಗಳ ಫಿರಂಗಿ ಮುಂದೆ ನಿಲ್ಲಲಾಗಲಿಲ್ಲ.

ಸ್ಲೈಡರ್ ಏರಿಸಿದ ದಿನವೇ ಮೊರಾಲ್ ತುಂಬುವುದಿಲ್ಲ, ತಿಂಗಳುಗಟ್ಟಲೆ ಬೇಕು. ಯುದ್ಧ ಸಾರುವ ಮುಂಚೆಯೇ ಏರಿಸಿ, ಮೊರಾಲ್ ಪಟ್ಟಿ ತುಂಬಿದ ಮೇಲೆ ಸಾರಿ. ಗ್ಯಾಲಿಗಳನ್ನು ಒಂದೊಂದಾಗಿ ತೆಗೆದುಹಾಕಿ ಹೆವಿ ಕಟ್ಟಿಸಿ. ಡಿಪ್ಲೊಮ್ಯಾಟಿಕ್ ಟೆಕ್‌ನಲ್ಲಿ (ತಂತ್ರಜ್ಞಾನದ ಒಂದು ಶಾಖೆ) ಹಿಂದೆ ಬಿದ್ದಿದ್ದರೆ ಅದೂ ನೋಡಿಕೊಳ್ಳಿ. ಹೊಸ ಮಾದರಿಯ ಹಡಗು ಬರುವುದು ಅಲ್ಲಿಂದಲೇ.

ಕರಿಗಡಲು

ನನ್ನ ಅಭಿಪ್ರಾಯ ಬೇರೆ. ವಿಜಯನಗರದಂಥ ನೆಲದ ರಾಜ್ಯಕ್ಕೆ ಅಡ್ಮಿರಲ್ ಅನ್ನೋದೇ ದಂಡದ ಖರ್ಚು. ಒಬ್ಬೊಬ್ಬನ ನೇಮಕಕ್ಕೂ ಮೊನಾರ್ಕ್ ಪಾಯಿಂಟ್ (ಆಳ್ವಿಕೆಗೆ ಖರ್ಚು ಮಾಡುವ ಅಂಕ) ಹೋಗುತ್ತದೆ. ಲೀಡರ್‌ಗಳ ಮಿತಿ ದಾಟಿದರೆ ತಿಂಗಳು ತಿಂಗಳೂ ಕೀಳುತ್ತದೆ. ಆ ಪಾಯಿಂಟ್ ಟೆಕ್‌ಗೆ ಹಾಕಿ. ಅಡ್ಮಿರಲ್‌ಗಳ ಆಸೆಗೆ ನೇವಲ್ ಐಡಿಯಾ ಗುಂಪನ್ನಂತೂ (ಪಾಯಿಂಟ್ ಕೊಟ್ಟು ಪಡೆಯುವ ನೌಕಾ ಅನುಕೂಲಗಳ ಕಟ್ಟು) ಮುಟ್ಟಲೇಬೇಡಿ.

ತಿರುಗಾಳಿ

ಐಡಿಯಾ ಗುಂಪಿನ ವಿಷಯದಲ್ಲಿ ಕರಿಗಡಲು ಹೇಳಿದ್ದು ಸರಿ. ಅಡ್ಮಿರಲ್ಲೇ ಬೇಡ ಅನ್ನುವುದನ್ನು ಒಪ್ಪಲ್ಲ. ಒಬ್ಬ ಒಳ್ಳೆಯವನು ಸಾಕು, ಆದರೆ ಅವನನ್ನು ಯಾವಾಗ ತೆಗೆದುಕೊಳ್ಳುತ್ತೀರಿ ಅನ್ನುವುದು ಮುಖ್ಯ. ಯುದ್ಧ ಶುರುವಾಗುವಾಗ ಗಾಬರಿಯಿಂದ ನೇಮಕ ಮಾಡಬೇಡಿ. ನೌಕಾಯುದ್ಧ ಗೆದ್ದ ಮೇಲೆ ಟ್ರೆಡಿಷನ್ ಜಿಗಿದಿರುತ್ತದೆ. ಸವೆಯಲು ಬಿಡದೆ ಆಗಲೇ ತೆಗೆದುಕೊಳ್ಳಿ.

ಲಂಗರು ಅವರೇ, ನಿಮ್ಮ ಬಲ ನೆಲದಲ್ಲಿದೆ. ಅದನ್ನೇ ಸಮುದ್ರದ ಗೆಲುವಿಗೆ ಬಳಸಿ. ಪೋರ್ಚುಗಲ್ ಜೊತೆ ಯುದ್ಧ ಆದಾಗ ಅವರ ಹಡಗುಗಳು ರಿಪೇರಿಗೆ ಅಂತ ಗೋವಾ ಬಂದರಿಗೆ ಬಂದು ನಿಲ್ಲುತ್ತವೆ. ನೀವು ನೆಲದ ಕಡೆಯಿಂದ ಕೋಟೆಗೆ ಮುತ್ತಿಗೆ ಹಾಕಿ. ಮುತ್ತಿಗೆ ಮುಗಿಯುವ ಹೊತ್ತಿಗೆ ನಿಮ್ಮ ಇಡೀ ನೌಕಾಪಡೆಯನ್ನು, ಮೊರಾಲ್ ಪೂರ್ತಿ ತುಂಬಿಸಿಕೊಂಡು, ಬಂದರಿನ ಎದುರಿನ ಸಮುದ್ರಕ್ಕೆ ತಂದು ನಿಲ್ಲಿಸಿ. ಕೋಟೆ ಬಿದ್ದ ದಿನವೇ ಒಳಗಿದ್ದ ಹಡಗುಗಳು ಹೊರಗೆ ದಬ್ಬಿಸಿಕೊಳ್ಳುತ್ತವೆ. ಅರ್ಧ ರಿಪೇರಿಯಾದ ಹಡಗು, ಕುಗ್ಗಿದ ಮೊರಾಲ್. ಎದುರಿಗೆ ನೀವು. ಫೈರ್ 4 ಇದ್ದರೂ ಅವನೇನು ಮಾಡಿಯಾನು? ಇಂಥ ಒಂದು ಗೆಲುವಿನಿಂದ ಸಿಗುವ ಟ್ರೆಡಿಷನ್ ಲೈಟ್ ಶಿಪ್‌ಗಳು ವರ್ಷಗಟ್ಟಲೆ ತಿರುಗಿ ತರುವುದಕ್ಕಿಂತ ಜಾಸ್ತಿ.

ಬೇಗ ತಂದು ನಿಲ್ಲಿಸಬೇಡಿ ಮಾತ್ರ. ಮುಂಚೆಯೇ ಕಂಡರೆ ಲಿಸ್ಬನ್‌ನಿಂದ ಇನ್ನೊಂದು ಗುಂಪು ಬಂದು ನಿಮ್ಮನ್ನೇ ಹಿಡಿಯಬಹುದು.

ಲಂಗರು

ಫಲಿತಾಂಶ ಹೇಳಲು ಬಂದೆ. ಲೈಟ್ ಶಿಪ್ 18 ಮಾಡಿ ಟ್ರೇಡಿಗೆ ಬಿಟ್ಟೆ. ಗ್ಯಾಲಿ ಪೂರ್ತಿ ತೆಗೆದೆ, ಹೆವಿ 14 ಆಯಿತು. 1551ರಲ್ಲಿ ಮತ್ತೆ ಯುದ್ಧ ಸಾರಿದೆ. ಗೋವಾ ಕೋಟೆ ಬಿದ್ದದ್ದೇ ತಡ, ಅವರ ಹೆವಿಗಳೆಲ್ಲ ಸೀದಾ ನನ್ನ ಬಾಯಿಗೇ ಬಂದವು. ಏಳು ಮುಳುಗಿದವು, ಎರಡು ನನ್ನ ಕೈಗೆ ಸಿಕ್ಕವು. ಟ್ರೆಡಿಷನ್ 41!

ಖುಷಿಯಲ್ಲಿ ತಕ್ಷಣ ಅಡ್ಮಿರಲ್ ತೆಗೆದುಕೊಂಡೆ. ಫೈರ್ 1, ಶಾಕ್ 2, ಮನೂವರ್ 5. ಇದ್ಯಾವ ನ್ಯಾಯ?

ಹಳೇಹಾಯಿ

😄 ಟ್ರೆಡಿಷನ್ ಏರಿದರೆ ಒಟ್ಟು ಅಂಕ ಏರುತ್ತದೆ. ಮೊದಲಿನವನದ್ದು ಎಲ್ಲ ಸೇರಿ 2, ಇವನದ್ದು 8. ಅದು ಎಲ್ಲಿಗೆ ಹಂಚಿಕೆಯಾಗುತ್ತದೆ ಅನ್ನುವುದು ಅದೃಷ್ಟ.

ತಿರುಗಾಳಿ

ಅವನನ್ನು ತೆಗೆದುಹಾಕಬೇಡಿ! ಮನೂವರ್ 5 ಇರುವವನನ್ನು ಲೈಟ್ ಶಿಪ್‌ಗಳ ಗುಂಪಿಗೆ ಹಾಕಿ. ಒಂದೊಂದು ಮನೂವರ್‌ಗೂ ಆ ಹಡಗುಗಳ ಟ್ರೇಡ್ ಪವರ್ (ವ್ಯಾಪಾರದಲ್ಲಿ ಪಾಲು ಪಡೆಯುವ ಬಲ) 5% ಏರುತ್ತದೆ. ನಿಮ್ಮವನಿಂದ 25%. 18 ಹಡಗಿಗೆ ಅದು ಸಣ್ಣ ಮೊತ್ತ ಅಲ್ಲ. ಟ್ರೆಡಿಷನ್ ಏರಿದ್ದರಿಂದ ಟ್ರೇಡ್ ಸ್ಟೀರಿಂಗ್ (ವ್ಯಾಪಾರವನ್ನು ನಮ್ಮ ಕಡೆ ತಿರುಗಿಸುವ ಶಕ್ತಿ) ಕೂಡ ಸುಧಾರಿಸಿರುತ್ತದೆ, ತಿಂಗಳ ಆದಾಯ ನೋಡಿ.

ಯುದ್ಧದ ಗುಂಪಿಗೆ ಇನ್ನೊಬ್ಬ ಬೇಕಾದರೆ 41 ಸವೆಯುವ ಮುಂಚೆ ಈಗಲೇ ತೆಗೆದುಕೊಳ್ಳಿ. ಹಳೆಯ ಫೈರ್ 1ನವನನ್ನು ಮೊದಲು ಮನೆಗೆ ಕಳಿಸಿ. ಮಿತಿಯಲ್ಲಿ ಜನರಲ್‌ಗಳೂ ಸೇರುತ್ತಾರೆ ಅನ್ನುವುದು ನೆನಪಿರಲಿ.

ಕರಿಗಡಲು

ನಾನು ಇನ್ನೂ ಟೆಕ್ ಕಡೆಯೇ. ಆದರೆ ಬಂದರಿನಿಂದ ದಬ್ಬಿಸುವ ಉಪಾಯ ಚೆನ್ನಾಗಿದೆ, ನನ್ನ ಆಟೊಮನ್ ಆಟದಲ್ಲಿ ವೆನಿಸ್ ಮೇಲೆ ಹಾಕಿ ನೋಡುತ್ತೇನೆ. ಅಲ್ಲಿ ಗ್ಯಾಲಿ ನಡೆಯುತ್ತದೆ ತಾನೆ?

ಹಳೇಹಾಯಿ

ಏಡ್ರಿಯಾಟಿಕ್‌ನಲ್ಲಿ ಧಾರಾಳವಾಗಿ ನಡೆಯುತ್ತದೆ. ಅವರ ಹತ್ತಿರವೂ ಗ್ಯಾಲಿಗಳೇ ಇರುತ್ತವೆ, ಎಣಿಸಿಕೊಂಡು ಹೋಗಿ.